ತಾತನ ಹೆಸರಿನವನು

"ನಿಮ್ಮೆಸ್ರಿಗೆ ಏನರ್ಥ ಸಾಬ್ರೇ?"

ಚಿಕ್ಕಬೋರಮ್ಮ ಕೇಳಿದ್ದು ಬಾಣಲೆಯ ಮೇಲಿನ ಕಣ್ಣು ಕೀಳದೆ. ಎಣ್ಣೆ ಸವರಿದ ಬಾಳೆಲೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು, ಬೆರಳಲ್ಲಿ ತಟ್ಟಿ ತೆಳ್ಳಗೆ ಮಾಡಿ, ಕಾದ ಎಣ್ಣೆಗೆ ಜಾರಿಸಿದಳು. ಅವಳು ತಟ್ಟಿದ ವಡೆ ತಿಂದವರು ಮದ್ದೂರಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಅವಳ ಕಥೆ ಕೂತು ಕೇಳಿದವರು ಮಾತ್ರ ಯಾರೂ ಇದ್ದಂತಿರಲಿಲ್ಲ.

ಅಶ್ಫಾಕ್ ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತಿದ್ದ. "ಕರುಣೆ ಅಂತ. ಅರಬ್ಬಿ ಮಾತು. ಒಂದು ಕರುಣೆ ಅಲ್ಲ, ಬೇಕಾದಷ್ಟು ಕರುಣೆಗಳು" ಎಂದ.

"ಪೋಲೀಸ್ನೋರಿಗೆ ಆ ಎಸ್ರಾ?"

"ಇಡೋವಾಗ ನಮ್ಮಪ್ಪನಿಗೆ ನಾನು ಪೊಲೀಸಾಗ್ತೀನಿ ಅಂತ ಗೊತ್ತಿರಲಿಲ್ಲ ತಾಯಿ."

ಚಿಕ್ಕಬೋರಮ್ಮ ನಕ್ಕಳು. ಅವಳು ನಕ್ಕಿದ್ದನ್ನು ಅಶ್ಫಾಕ್ ನೋಡಿದ್ದು ಇದೇ ಮೊದಲು. ಇವತ್ತು ನಗಬಹುದಾದ ದಿನವೇ. ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ಅದರ ಮೇಲೊಂದು ಹಳೇ ಟವೆಲು ಕಟ್ಟಿಕೊಂಡು ಕೆಲಸಕ್ಕೆ ನಿಂತಿದ್ದಳು. ಮೂಲೆಯಲ್ಲಿ ಅವಳ ಬಟ್ಟೆಯ ಬ್ಯಾಗು ತಯಾರಾಗಿತ್ತು. ಸಂಜೆ ಬಂಡೂರಿನಿಂದ ಮೈದುನ ಶಿವಯ್ಯ ಕಾರು ತರುತ್ತಾನೆ. ಇಪ್ಪತ್ತೈದು ವರ್ಷದ ಮೇಲೆ ಅವಳು ಗಂಡನ ಮನೆಯ ಹೊಸಿಲು ತುಳಿಯುತ್ತಾಳೆ, ಅದೂ ಮಗನ ಕೈ ಹಿಡಿದುಕೊಂಡು.

ಅವನು ಮಗ ಹೌದೋ ಅಲ್ಲವೋ ಎಂದು ಪತ್ತೆ ಮಾಡುವುದೇ ಅಶ್ಫಾಕನ ಕೆಲಸ. ನಾಲ್ಕು ತುಂಬದ ಅವಳ ಮಗ ಚಲುವರಾಜು ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಕಳೆದುಹೋಗಿದ್ದ. ಈಗ ಮಂಡ್ಯದಲ್ಲಿ ಗೂಡ್ಸ್ ಆಟೋ ಓಡಿಸುವ ಸಂತೋಷ್ ಎಂಬ ಯುವಕ ಬಂದು, ನಾನೇ ಆ ಮಗು ಎಂದು ಅವಳ ಕಾಲು ಹಿಡಿದಿದ್ದ. ಶಿವಯ್ಯನೇ ಮಂಡ್ಯಕ್ಕೆ ಬಂದು, ಪೇಟೆ ಬೀದಿಯ ಮಹಡಿಯ ಮೇಲಿದ್ದ ಅಶ್ಫಾಕನ ಆಫೀಸು ಹುಡುಕಿ, ಕೆಲಸ ಒಪ್ಪಿಸಿ ಹೋಗಿದ್ದ. ಗಂಡಿನ ಕಡೆಯವರು ಕುಡಿಯುತ್ತಾರಾ, ಹೆಣ್ಣಿನ ಕಡೆಯವರಿಗೆ ಮನೆ ಸ್ವಂತದ್ದಾ ಎಂದು ವಿಚಾರಿಸಿಕೊಡುವುದೇ ಕಸುಬಾಗಿದ್ದ ನಿವೃತ್ತ ಹೆಡ್ ಕಾನ್‌ಸ್ಟೇಬಲ್‌ಗೆ ಇದು ಎದೆ ಭಾರವಾಗುವ ಕೆಲಸ.

ರಕ್ತ ಪರೀಕ್ಷೆ ಮಾಡಿಸಿದರೆ ಒಂದೇ ಏಟಿಗೆ ಮುಗಿಯುತ್ತಿತ್ತು. ಚಿಕ್ಕಬೋರಮ್ಮ ಸುತರಾಂ ಒಪ್ಪಲಿಲ್ಲ. "ಎತ್ತೋಳು ನಾನು. ನನ್ ಮೊಗ ಹೌದೋ ಅಲ್ವೋ ಅಂತ ಸೀಸೆ ಯೋಳಬೇಕಾ?" ಎಂದು ಆವತ್ತು ಅವನ ಬಾಯಿ ಮುಚ್ಚಿಸಿದ್ದಳು.

ಕಾಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಗ ಹೋದ ಮೇಲೆ ಗಂಡ ಕೆಂಪಣ್ಣನೂ ಆಸ್ಪತ್ರೆಯಿಂದ ಜೀವಂತ ಬರಲಿಲ್ಲ. ತಿಥಿ ಮುಗಿಸಿ ಮದ್ದೂರಿಗೆ ಬಂದವಳು ಸ್ಟೇಷನ್ನಿನ ಹಿಂದೆ ಒಂದು ಕೋಣೆ ಹಿಡಿದು, ಈ ಹೋಟೆಲಿನಲ್ಲಿ ಕೆಲಸಕ್ಕೆ ನಿಂತು ಇಲ್ಲೇ ಉಳಿದಳು. ಯಾಕೆ ಊರಿಗೆ ಹೋಗಲಿಲ್ಲ ಎಂದು ಅಶ್ಫಾಕ್ ಕೇಳಿದ್ದಕ್ಕೆ, "ಮೊಗ ಬಂದ್ರೆ ರೈಲಲ್ಲೇ ಬತ್ತದೆ. ಬಂಡೂರಿಗೆ ರೈಲದಾ?" ಎಂದಿದ್ದಳು.

ಲೋಟ ಖಾಲಿಯಾಯಿತು. ಎದ್ದು ಹೋಗೋಣವೆಂದುಕೊಂಡವನ ಕಣ್ಣು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಕಡೆಗೆ ಹೋಯಿತು. ವೈರಮುಡಿ ಕಿರೀಟ ತೊಟ್ಟ ದೇವರು, ಒಲೆಯ ಹೊಗೆಗೆ ಅರ್ಧ ಕಪ್ಪಾಗಿದ್ದ.

"ಯಾವ ದೇವರು ತಾಯಿ ಅದು?"

"ಬೆಟ್ಟದ ಸ್ವಾಮಿ."

"ಯಾವ ಬೆಟ್ಟದ್ದು?"

"ಮೇಲುಕೋಟೇದು."

"ಆ ಸ್ವಾಮಿಗೊಂದು ಹೆಸರಿದೆಯಲ್ಲ" ಎಂದ ಅಶ್ಫಾಕ್. ಕೆಣಕುವುದಕ್ಕಷ್ಟೇ ಹೇಳಿದ್ದು. ಆ ದೇವರ ಹೆಸರು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆ ದೇವರಿಗೆ ಮನಸೋತು ಡಿಲ್ಲಿಯಿಂದ ಬಂದ ಸುಲ್ತಾನನ ಮಗಳು ಬೀಬಿಯ ಕಥೆಯನ್ನು ಅವನ ಅಮ್ಮ ಚಿಕ್ಕಂದಿನಲ್ಲಿ ಅವನಿಗೆ ಹೇಳುತ್ತಿದ್ದಳು.

ಚಿಕ್ಕಬೋರಮ್ಮ ಜಾಲರಿಯಲ್ಲಿ ವಡೆ ಮಗುಚಿದಳು. "ಅದೆ. ನೀವೇ ಯೋಳ್ಕಳಿ."

"ಚಲುವನಾರಾಯಣ."

"ಊಂ. ಅದೇ. ನಮ್ಮಾವಾರ ಎಸ್ರೂ ಅಂಗೇ ಸುರುವಾಯ್ತದೆ. ಚೆಂದಾಗವ್ನೆ ಅಂತ ಮೊಗೀಗೂ ಅವರ್ದೇ ಇಟ್ರು."

ಅಶ್ಫಾಕ್ ಎದ್ದವನು ಮತ್ತೆ ಕೂತ. ಇಷ್ಟು ದಿನದಿಂದ ಈ ಹೆಂಗಸಿನ ಜೊತೆ ಮಾತಾಡಿದ್ದ. ಅವಳ ಬಾಯಲ್ಲಿ ಮೊಗ, ಕೂಸು, ನಮ್ಮುಡುಗ ಎಂಬುದೆಲ್ಲ ಕೇಳಿದ್ದ. ಚಲುವರಾಜು ಎಂಬ ಮಾತು ಒಂದು ಸಲವೂ ಕೇಳಿರಲಿಲ್ಲ.

"ಹಾಗಾದ್ರೆ ಮಗನ್ನ ನೀವು ಏನಂತ ಕರೀತಿದ್ರಿ?"

"ಕೂಸು ಅಂತಿದ್ದೆ. ಮಾವಾರ ಎಸ್ರ ಸೊಸೆ ಎಂಗೆ ಕೂಗಾಳು ಸಾಬ್ರೇ? ನಮ್ಮೋರೂ ಅಪ್ಪನ ಎಸ್ರು ಅಂತ ಮೊಗೀನ 'ಅಯ್ಯ' ಅಂತಿದ್ರು."

"ಆವತ್ತು ಸ್ಟೇಷನ್ನಿನಲ್ಲಿ?"

ಅವಳ ಕೈ ನಿಂತಿತು. ಹೇಳಬೇಕೋ ಬೇಡವೋ ಎಂಬಂತೆ ಬಾಣಲೆಯನ್ನು ನೋಡಿದಳು. ಆಮೇಲೆ ಒಲೆಯ ಉರಿ ತಗ್ಗಿಸಿ ಹೇಳಿದಳು.

"ನಮ್ಮೋರು ಬೆಂಗ್ಳೂರಾಸ್ಪತ್ರೇಲಿದ್ರು. ನೋಡ್ಕಂಡ್ ಬರಾವ ಅಂತ ಮೊಗೀನ ರೈಲಲ್ಲಿ ಕೂರ್ಸಿ ನಲ್ಲೀತಾವ ನೀರಿಡ್ಕಳಕೆ ಇಳ್ದೆ. ಎದ್ರುಗಡೆ ರೈಲು ಬಂದು ನಿಂತ್ಕತ್ತು, ಜನ ಅತ್ತೋರು ಇಳ್ಯೋರು. ಅಷ್ಟರೊಳ್ಗೆ ನಮ್ ರೈಲು ಒಂಟೋಯ್ತು. ಕೂಸೇ, ಕೂಸೇ ಅಂತ ಓಡ್ದೆ. ಯಾರ್ ಕೂಸು ಅಂತ ಯಾರ್ಗ್ ಗೊತ್ತಾದಾದು? ಪೋಲೀಸ್ನೋರು ಎಸ್ರೇನಮ್ಮ ಅಂದ್ರು. ಆಗ್ಲೂ ಬಾಯಿಗೆ ಬರ್ನಿಲ್ಲ. ನಮ್ಮಾವ ಸತ್ತು ವರ್ಸ ಆಗಿತ್ತು. ಸತ್ತೋರ ಎಸ್ರಿಗೆ ಎದ್ರುಕಂಡು ಬದ್ಕಿರೋ ಮೊಗೀನ ಕಳ್ಕಂಡೆ ಕಣಪ್ಪ."

ಅವಳು ಅಳಲಿಲ್ಲ. ಇದನ್ನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೋ, ಅಳು ಎಂದೋ ಸವೆದುಹೋಗಿತ್ತು. ಉರಿ ದೊಡ್ಡದು ಮಾಡಿ ಇನ್ನೊಂದು ಉಂಡೆ ತೆಗೆದುಕೊಂಡಳು.

ಅಶ್ಫಾಕ್ ಖಾಲಿ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟ. ಮೊನ್ನೆ ಸಂತೋಷ್ ಅವನೊಬ್ಬನ ಮುಂದೆ ಕೂತು, ಆ ದಿನದ ನೆನಪು ಹೇಳಿದ್ದ. "ಅವ್ವ ಚಲುವರಾಜೂ ಚಲುವರಾಜೂ ಅಂತ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ ಸಾರ್" ಎಂದಿದ್ದ. ಕೇಳಿ ಅಶ್ಫಾಕ್ ಕಣ್ಣೊರೆಸಿಕೊಂಡಿದ್ದ. ಪೊಲೀಸು ನೌಕರಿ ಮಾಡಿ ತಲೆ ನೆರೆದವನನ್ನು ಹುಡುಗ ಒಂದೇ ಮಾತಿಗೆ ಮಂಗ ಮಾಡಿಬಿಟ್ಟಿದ್ದ.

*

ಸ್ಟೇಷನ್ನಿನ ಕಡೆ ಅವನು ನಿಧಾನವಾಗಿ ನಡೆದ. ಅವಸರ ಮಾಡುವಂಥ ಕೆಲಸವಲ್ಲ ಅದು.

ಸಿದ್ದೀಕಾ ಇದ್ದಿದ್ದರೆ ಅವನು ಇಂಥ ತಪ್ಪು ಮಾಡುತ್ತಿರಲಿಲ್ಲ. ಅವನ ಹೆಂಡತಿ ಸಿದ್ದೀಕಾ ಬದುಕಿರುವವರೆಗೆ ಅವನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಏನ್ರೀ, ಕೇಳಿಸ್ತಾ, ಇಷ್ಟರಲ್ಲೇ ಸಂಸಾರ ಮುಗಿಸಿದಳು. ಕಡೆಯ ಸಲ ಆಸ್ಪತ್ರೆಗೆ ಸೇರಿಸುವಾಗ ಕೌಂಟರಿನ ಹುಡುಗಿ ಗಂಡನ ಹೆಸರು ಕೇಳಿದರೆ, ಅಷ್ಟು ನೋವಿನಲ್ಲೂ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಕಿವಿಯಲ್ಲಿ ಉಸುರಿ ಅವಳಿಂದ ಹೇಳಿಸಿದ್ದಳು. ಅಶ್ಫಾಕ್ ಆಗ ನಕ್ಕಿದ್ದ.

ಹೆಸರುಗಳ ಹುಚ್ಚು ಇಬ್ಬರಿಗೂ ಇತ್ತು. ಗಂಡಾದರೆ ಕಬೀರ್ ಎಂದಿಡೋಣ, ದೊಡ್ಡವನು ಅಂತ ಅರ್ಥ, ಎನ್ನುತ್ತಿದ್ದ ಅವನು. ಹೆಣ್ಣಾದರೆ ಮಹಮೂದಾ, ಎಲ್ಲರೂ ಮೆಚ್ಚುವಂಥವಳು, ಎನ್ನುತ್ತಿದ್ದಳು ಅವಳು. ಹೆಸರುಗಳು ಮನೆಯಲ್ಲಿ ತಯಾರಿದ್ದವು, ಅವುಗಳಿಂದ ಕರೆಸಿಕೊಳ್ಳುವವರು ಬರಲಿಲ್ಲ. ಈಗ ಅವನ ಹೆಸರನ್ನು ಕರೆಯುವವರೂ ಯಾರಿಲ್ಲ. ಮಂಡ್ಯದಲ್ಲಿ ಎಲ್ಲರ ಬಾಯಲ್ಲೂ ಅವನು ಬರೀ ಸಾಬ್ರು. ಕೆಲವು ಸಂಜೆ ಮನೆಯ ಬೀಗ ತೆಗೆಯುವಾಗ ಅವನು ತನ್ನ ಹೆಸರನ್ನು ತಾನೇ ಒಂದು ಸಲ ಹೇಳಿಕೊಂಡು ಒಳಗೆ ಹೋಗುವುದುಂಟು.

ಸಿದ್ದೀಕಾ ಎಂದರೆ ಸತ್ಯ ನುಡಿಯುವವಳು. "ನಿಮ್ದು ಕರುಣೆ, ನನ್ದು ಸತ್ಯ. ಜಗಳ ಬಂದ್ರೆ ಯಾರ್ ಗೆಲ್ತಾರೆ?" ಎಂದು ಅವಳು ಛೇಡಿಸುತ್ತಿದ್ದಳು. ಮದ್ದೂರು ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದ ಅಶ್ಫಾಕನಿಗೆ ಆ ಜಗಳ ಇವತ್ತು ಬಂದೇಬಿಟ್ಟಿತು ಅನ್ನಿಸಿತು. ಸತ್ಯ ಹೇಳಿದರೆ ಆ ತಾಯಿ ಇದೇ ಊರಿನಲ್ಲಿ ಮಗನನ್ನು ಎರಡನೇ ಸಲ ಕಳೆದುಕೊಳ್ಳುತ್ತಾಳೆ. ಹೇಳದಿದ್ದರೆ ಯಾವನೋ ಸುಳ್ಳುಗಾರನ ಕೈಗೆ ಅವಳ ಉಳಿದ ಬದುಕನ್ನು ಕೊಟ್ಟಂತಾಗುತ್ತದೆ.

ಇನ್ನೊಂದು ಸಂಕಟವೂ ಇತ್ತು. ನಿನ್ನೆಯೇ ಅವನು ಶಿವಯ್ಯನಿಗೆ ಫೋನು ಮಾಡಿ, ಪ್ಲಾಟ್‌ಫಾರಂನಲ್ಲಿ ಹೆಸರು ಕೂಗಿದ್ದು ಹುಡುಗನಿಗೆ ನೆನಪಿದೆ, ನಿಮ್ಮ ಮನೆಯ ಮಗನೇ ಇರಬಹುದು ಎಂದು ಹೇಳಿಬಿಟ್ಟಿದ್ದ. ಶಿವಯ್ಯ ಆ ಮಾತನ್ನು ಎರಡು ಸಲ ಹೇಳಿಸಿ ಕೇಳಿಸಿಕೊಂಡಿದ್ದ. "ಅಂಗಾರೆ ನಾನೇ ಬತ್ತೀನಿ ಬುಡಿ. ಅತ್ಗೇನೂವೆ ಅವ್ನ್ನೂವೆ ಕರ್ಕಂಡೋಯ್ತೀನಿ" ಎಂದಿದ್ದ. ಅಲ್ಲಿಯವರೆಗೆ 'ಆ ನನ್ಮಗ' ಎಂದೇ ಕರೆಯುತ್ತಿದ್ದವನ ಮನಸ್ಸು ಕರಗಿತಲ್ಲ ಎಂದು ಅಶ್ಫಾಕ್ ಖುಷಿಪಟ್ಟಿದ್ದ. ಕಾರು ಬರುತ್ತಿರುವುದೇ ಆ ಫೋನಿನಿಂದ.

ಸಂತೋಷ್ ಪ್ಲಾಟ್‌ಫಾರಂನ ಕೊನೆಯ ಬೆಂಚಿನ ಮೇಲೆ ಕೂತಿದ್ದ. ಚಿಕ್ಕಬೋರಮ್ಮ ಕೊಡಿಸಿದ ಹೊಸ ಅಂಗಿಯ ಮಡಿಕೆ ಗೆರೆಗಳು ಇನ್ನೂ ಹೋಗಿರಲಿಲ್ಲ. ಅಶ್ಫಾಕನನ್ನು ಕಂಡು ಎದ್ದು ನಿಂತ.

"ಕೂತ್ಕೋ" ಎಂದ ಅಶ್ಫಾಕ್. ತಾನೂ ಪಕ್ಕದಲ್ಲಿ ಕೂತ. "ಆವತ್ತು ನಿಮ್ಮವ್ವ ನಿನ್ನ ಏನಂತ ಕೂಗಿದ್ರು, ಇನ್ನೊಂದು ಸಲ ಹೇಳು."

"ಹೇಳಿದ್ನಲ್ಲ ಸಾರ್. ಚಲುವರಾಜು ಅಂತ."

"ಆಯಮ್ಮನ ಮಾವನ ಹೆಸರು ಗೊತ್ತಾ ನಿನಗೆ?"

"ಚಲುವಯ್ಯ. ನಮ್ಮ ತಾತ."

"ಪಾಠ ಚೆನ್ನಾಗಿ ಕಲಿತಿದ್ದೀಯ. ಸೊಸೆಯಂದಿರು ಮಾವನ ಹೆಸರು ಹೇಳಲ್ಲ ಅನ್ನೋದನ್ನ ಮಾತ್ರ ನಿನಗೆ ಯಾರೂ ಹೇಳಿಕೊಡಲಿಲ್ಲ. ಆಯಮ್ಮ ಮೇಲುಕೋಟೆ ದೇವರ ಹೆಸರನ್ನೂ ಬಾಯಿಗೆ ತರೋದಿಲ್ಲ. ಮಗ ರೈಲಲ್ಲಿ ಹೋಗ್ತಿದ್ದರೂ ಆ ಹೆಸರು ಕೂಗೋಕೆ ಆಗಲಿಲ್ಲ ಅವರಿಗೆ. ನೀನು ಯಾರಪ್ಪ?"

ಹುಡುಗ ಓಡುತ್ತಾನೆ ಎಂದುಕೊಂಡಿದ್ದ ಅಶ್ಫಾಕ್, ಅದಕ್ಕೆಂದೇ ಬೆಂಚಿನ ಹೊರತುದಿಯಲ್ಲಿ ಕೂತಿದ್ದ. ಅವನು ಓಡಲಿಲ್ಲ. ಎರಡು ಕೈಯನ್ನೂ ಮೊಣಕಾಲಿನ ಮಧ್ಯೆ ಇಟ್ಟುಕೊಂಡು ಕುಗ್ಗಿ ಕೂತ.

"ಅವ್ವಂಗೆ ಹೇಳಿಬಿಟ್ರಾ?"

"ಇನ್ನೂ ಇಲ್ಲ. ಯಾರು ಕಳಿಸಿದ್ದು ನಿನ್ನ?"

"ಪ್ರಿಯಾಂಕಕ್ಕ."

ಪ್ರಿಯಾಂಕ ಶಿವಯ್ಯನ ಸೊಸೆ. ಮಂಡ್ಯದಲ್ಲೇ ಹುಟ್ಟಿ ಬೆಳೆದು ಬಂಡೂರಿಗೆ ಮದುವೆಯಾಗಿ ಬಂದವಳು. ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಮಾವನ ಹೆಸರನ್ನು ಮೊಬೈಲಿನಲ್ಲಿ ಯಾರು ಕೇಳಿದರೂ ಹೇಳುತ್ತಾಳೆ. ಚಿಕ್ಕಬೋರಮ್ಮನ ಕಾಲದ ಕಟ್ಟುಪಾಡು ಅವಳ ತಲೆಗೆ ಹೊಳೆಯದೆ ಇದ್ದದ್ದು ಸಹಜವೇ.

"ಅಕ್ಕ ಒಂದು ಸಲ ಗೊಬ್ಬರದ ಮೂಟೆ ಸಾಗಿಸೋಕೆ ನನ್ನ ಆಟೋ ಹಿಡಿದಿದ್ರು" ಎಂದು ಸಂತೋಷ್ ನೆಲ ನೋಡುತ್ತ ಹೇಳಿದ. "ಮಾತಿಗೆ ಮಾತು ಬಂದು, ನಾನು ಅನಾಥಾಶ್ರಮದಲ್ಲಿ ಬೆಳೆದವನು, ಅರಸೀಕೆರೆ ಸ್ಟೇಷನ್ನಿನಲ್ಲಿ ಮೈಸೂರು ಕಡೆಯಿಂದ ಬಂದ ರೈಲಿನೊಳಗೆ ಸಿಕ್ಕಿದ್ದೆನಂತೆ ಅಂತ ಹೇಳಿದೆ. ಆಮೇಲೆ ಅವರೇ ಮಾವನಿಗೆ ಗೊತ್ತಾಗದ ಹಾಗೆ ಬಂದು ದೊಡ್ಡಮ್ಮನ, ಅಂದ್ರೆ ಅವ್ವನ ವಿಷಯ ಹೇಳಿದ್ರು. ಅವರಿಗೂ ಯಾರಿಲ್ಲ, ನಿನಗೂ ಯಾರಿಲ್ಲ, ಸುಳ್ಳಾದರೇನು, ಇಬ್ಬರ ಹೊಟ್ಟೆನೂ ತಣ್ಣಗಾಗುತ್ತೆ ಅಂದ್ರು. ಮನೆ, ಕುರಿ ಹಟ್ಟಿ, ತಾತನ ಹೆಸರು, ಎಲ್ಲ ಅವರೇ ಹೇಳಿಕೊಟ್ಟಿದ್ದು. ಆಸ್ತಿಗಲ್ಲ ಸಾರ್. ಬೇಕಾದ್ರೆ ಎಲ್ಲಿ ಬೇಕಾದ್ರೂ ಬರ್ಕೊಡ್ತೀನಿ."

"ನಿನಗೇನು ಬೇಕಿತ್ತು ಹಾಗಾದ್ರೆ?"

"ಸಂತೋಷ್ ಅಂತ ನನಗೆ ಯಾಕಿಟ್ರು ಗೊತ್ತಾ? ಸಿಕ್ಕಾಗ ಜ್ವರ ಬಂದು ಬಿದ್ದಿದ್ದೆನಂತೆ. ಮಾತೇ ಆಡ್ತಿರಲಿಲ್ಲ, ಬರೀ ಅಳ್ತಿದ್ದೆ. ಅದಕ್ಕೆ ವಾರ್ಡನ್ನು ತಮಾಷೆಗೆ ಈ ಹೆಸರಿಟ್ಟಿದ್ದು. ಹೊರಗಡೆ ಯಾರಾದರೂ ಒಳ್ಳೆ ಹೆಸರಪ್ಪ ಅಂದಾಗೆಲ್ಲ ನಾನು ಮುಖ ತಿರುಗಿಸ್ಕೊತೀನಿ." ಅವನು ಮೂಗೊರೆಸಿಕೊಂಡ. "ಆಯಮ್ಮ ದಿನಾ ರಾತ್ರಿ ತಟ್ಟೆ ಮುಂದೆ ಇಟ್ಟು, ಕೂಸೇ ಉಣ್ಣು ಅಂತಾರೆ. ಅಷ್ಟೇ ಸಾರ್ ನನಗೆ ಬೇಕಿದ್ದಿದ್ದು."

ಅಶ್ಫಾಕನಿಗೆ ಅವನ ಕೆನ್ನೆಗೆ ಬಾರಿಸಬೇಕೋ ತಲೆ ಸವರಬೇಕೋ ತಿಳಿಯಲಿಲ್ಲ. ತನಗಿಂತ ಒಂಟಿಯಾದ ಮನುಷ್ಯನನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲ. ಹೇಳಿಬಿಡಬಾರದು, ಇಬ್ಬರೂ ಬಂಡೂರಿಗೆ ಹೋಗಿ ತಾಯಿ ಮಗನಾಗಿ ಬದುಕಿಕೊಳ್ಳಲಿ ಎಂದು ಅವನ ಕರುಣೆಯೆಲ್ಲ ಒಟ್ಟಿಗೆ ಎದ್ದು ಕೂತಿತು. ಆದರೂ ಹಳೇ ಪೊಲೀಸು ಒಂದು ಪ್ರಶ್ನೆ ಕೇಳಿಯೇ ಕೇಳಿದ.

"ಆ ಕೂಗಿನ ಕಥೇನೂ ಪ್ರಿಯಾಂಕನೇ ಕಟ್ಟಿದ್ದಾ?"

ಹುಡುಗ ತಲೆಯೆತ್ತಿದ. "ಇಲ್ಲ ಸಾರ್. ಅದೊಂದನ್ನ ಯಾರೂ ಹೇಳಿಕೊಡಲಿಲ್ಲ."

"ಮತ್ತೆ?"

"ಅದು ನನ್ನದೇ. ನನಗೆ ಬುದ್ಧಿ ಬಂದಾಗಿನಿಂದ ತಲೇಲಿ ಒಂದು ಕೂಗಿದೆ. ಏನೋ 'ರಾಜೂ' ಅನ್ನೋ ಹಾಗೆ. ಯಾರ ಹೆಸರೋ ಏನೋ ಅಂದ್ಕೊಂಡಿದ್ದೆ. ಅಕ್ಕ ಮೊದಲ ಸಲ ಚಲುವರಾಜು ಅಂದಾಗ ನನಗೆ ಮೈಯೆಲ್ಲ ತಣ್ಣಗಾಯ್ತು. ಆಮೇಲೆ, ಆಸೆಗೆ ನಾನೇ ಕಟ್ಕೊಂಡೆ ಅಂತ ಸುಮ್ಮನಾದೆ. ಯಾರಿಗೂ ಹೇಳಲಿಲ್ಲ. ನಿಮ್ಮ ಮುಂದೆ ಬಾಯಿಗೆ ಬಂದುಬಿಡ್ತು. ಅವ್ವ ಅಂತ ಸೇರಿಸಿದ್ದು ಮಾತ್ರ ಸುಳ್ಳು."

"ಕೂಗಿದ್ದು ಅವ್ವ ಅಲ್ಲವಾ?"

"ಗಂಡಸು ಸಾರ್."

ದೂರದಲ್ಲಿ ಸಿಗ್ನಲ್ಲಿನ ಬಣ್ಣ ಬದಲಾಯಿತು. ಅಶ್ಫಾಕ್ ಅವನ ಕಡೆ ತಿರುಗಿ ಕೂತ. "ಎಲ್ಲಿ ನಿಂತು ಕೂಗಿದ? ಈ ಕಡೆ, ಪ್ಲಾಟ್‌ಫಾರಂನಲ್ಲಾ?"

"ಅಲ್ಲ. ಆ ಕಡೆ. ಕಾಲಿಗೆ ಜಲ್ಲಿಕಲ್ಲು ಚುಚ್ಚಿದ್ದು ನೆನಪಿದೆ. 'ಚಲುವರಾಜೂ, ಬಾರ್ಲಾ ಇತ್ಲಾಗೆ, ವಡೆ ಕೊಡುಸ್ತೀನಿ' ಅಂದ. ನಾನು ಇಳಿದೆ, ಅವನು ಎತ್ಕೊಂಡ. ಇನ್ನೊಂದು ರೈಲಿಗೆ ಹತ್ತಿಸಿ ಕೂರಿಸಿದ. ವಡೆ ತತ್ತೀನಿ ಅಂತ ಹೋದ. ಬರಲಿಲ್ಲ."

*

ಅಶ್ಫಾಕ್ ಈ ಹುಡುಗನನ್ನು ಮೊದಲಿನಿಂದಲೂ ನಂಬದಿರಲು ಒಂದೇ ದೊಡ್ಡ ಕಾರಣವಿತ್ತು. ಚಿಕ್ಕಬೋರಮ್ಮ ಹತ್ತಿದ್ದು ಬೆಂಗಳೂರಿನ ರೈಲು. ಸಂತೋಷ್ ಸಿಕ್ಕಿದ್ದು ಅರಸೀಕೆರೆಯಲ್ಲಿ, ಮೈಸೂರಿನ ಕಡೆಯಿಂದ ಬಂದ ರೈಲಿನಲ್ಲಿ, ಅಂದರೆ ಮೈಸೂರನ್ನೂ ದಾಟಿ ಪೂರ್ತಿ ಆ ಕಡೆ. ಬೆಂಗಳೂರಿಗೆ ಹೋದ ಮಗು ಅಲ್ಲಿ ಹೇಗೆ ಸಿಗುತ್ತದೆ ಎಂಬುದು ಅವನ ಗಂಟಲಲ್ಲಿ ಮುಳ್ಳಿನಂತೆ ಉಳಿದಿತ್ತು.

ಈಗ ಹಳಿಗಳನ್ನು ನೋಡಿದ. ಈಗ ಎರಡು ಜೋಡಿ ಇವೆ. ಆಗ ಈ ದಾರಿಗೆಲ್ಲ ಇದ್ದದ್ದು ಒಂಟಿ ಹಳಿ. ಎದುರಿನ ರೈಲಿಗೆ ದಾರಿ ಬಿಡಲು ಮದ್ದೂರಿನಲ್ಲಿ ಒಂದು ರೈಲು ನಿಂತು ಕಾಯಬೇಕಿತ್ತು. ಎರಡೂ ರೈಲು ಅಕ್ಕಪಕ್ಕ ನಿಂತಾಗ, ಪ್ಲಾಟ್‌ಫಾರಂ ಇಲ್ಲದ ಕಡೆಯ ಬಾಗಿಲಿನಿಂದ ಮಗುವನ್ನು ಇಳಿಸಿ, ಮೈಸೂರಿನ ಕಡೆಯ ರೈಲಿಗೆ ಹತ್ತಿಸುವುದು ಎಷ್ಟು ಹೊತ್ತಿನ ಕೆಲಸ? ನಲ್ಲಿಯ ಹತ್ತಿರ ಇದ್ದ ತಾಯಿಗೆ ಇಡೀ ರೈಲೇ ಅಡ್ಡ. ಅವಳು ಕೂಸೇ ಎಂದು ಕೂಗುತ್ತ ಓಡಿದ್ದು, ಕೂಸು ಇಲ್ಲದ ರೈಲಿನ ಹಿಂದೆ.

ಸುಳ್ಳು ಹೇಳಲು ಬಂದ ಹುಡುಗ ನಿಜವಾದ ಮಗನೇ ಆಗಿದ್ದ. ಅದು ಅವನಿಗೇ ಗೊತ್ತಿರಲಿಲ್ಲ.

ಮಗುವನ್ನು ಆ ಹೆಸರಿನಿಂದ ಕರೆಯಬಲ್ಲವರು ಆ ಮನೆಯಲ್ಲಿ ಆ ದಿನ ಯಾರಿದ್ದರು? ತಾತ ತೀರಿಕೊಂಡಿದ್ದ. ತಾಯಿ ಕೂಸು ಎನ್ನುತ್ತಿದ್ದಳು. ತಂದೆ ಅಯ್ಯ ಎನ್ನುತ್ತಿದ್ದ, ಅವನು ಬೆಂಗಳೂರಿನಲ್ಲಿ ಹಾಸಿಗೆ ಹಿಡಿದಿದ್ದ. ಉಳಿದವನು, ಅಪ್ಪನ ಹೆಸರೆಂದು ಅಂಜದೆ ಚಲುವರಾಜು ಎನ್ನುತ್ತಿದ್ದ ಶಿವಯ್ಯ ಒಬ್ಬನೇ. ಅಣ್ಣನ ಮಗ ಇಲ್ಲದಿದ್ದರೆ ಮನೆ, ಹಟ್ಟಿ ಎಲ್ಲ ಸೇರುವುದೂ ಅವನಿಗೇ. ಅವನೇ ಅಶ್ಫಾಕನ ಮುಂದೆ ಕೂತು, "ಅತ್ಗೇನ ಮಳವಳ್ಳಿ ಬಸ್ಸತ್ತುಸ್ಬುಟ್ಟು ನಾನು ಕುರಿ ಅಟ್ಟೀಗ್ ವಾಪಸ್ ಓದೆ. ಮೊಗ ಕಳ್ದೋಗಿದ್ದು ಮಾರ್ನೇ ದಿನ ಗೊತ್ತಾಗಿದ್ದು" ಎಂದವನು. ಕೆಲಸ ಒಪ್ಪಿಸುವಾಗ ಅವನು ಕೇಳಿದ್ದು ಹುಡುಗನ ಮಚ್ಚೆಯನ್ನಲ್ಲ, ವಯಸ್ಸನ್ನಲ್ಲ. "ಆವತ್ತಿಂದು ಅವ್ನಿಗೆ ಏನೇನ್ ಗ್ಯಾನದಲ್ಲದೆ, ಅದ್ನ ತಿಳ್ಕಂಡ್ ಬನ್ನಿ ಸಾಬ್ರೇ. ಅಷ್ಟೇ ಸಾಕು" ಎಂದಿದ್ದ.

ಅಷ್ಟನ್ನೂ ತಿಳಿದುಕೊಂಡು, ನಿನ್ನೆ ಫೋನಿನಲ್ಲಿ ತಾನೇ ಅವನ ಕಿವಿಗೆ ಹಾಕಿದ್ದ.

"ಏಳು" ಎಂದ ಅಶ್ಫಾಕ್. "ಬೇಗ ಏಳು. ಅವ್ವ ಒಬ್ಬರೇ ಇದ್ದಾರೆ."

"ಏನಾಯ್ತು ಸಾರ್?"

"ನಡೀತಾ ಹೇಳ್ತೀನಿ. ಒಂದು ಮಾತು ನೆನಪಿಟ್ಕೋ. ಯಾರು ಏನೇ ಅಂದರೂ ನಿನಗೆ ಏನೂ ಗೊತ್ತಿಲ್ಲ. ಮುಖದಲ್ಲೂ ತೋರಿಸಬೇಡ."

ಅವರು ಹೋಟೆಲು ಮುಟ್ಟುವಷ್ಟರಲ್ಲಿ ಬಿಳೀ ಕಾರು ಬಂದು ನಿಂತಿತ್ತು. ಚಿಕ್ಕಬೋರಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಬ್ಯಾಗು, ಸೀರೆಯ ಮೇಲಿದ್ದ ಟವೆಲು ಬಿಚ್ಚಿಟ್ಟಿದ್ದಳು. ಸ್ಟೇಷನ್ನಿನ ಕಡೆಯಿಂದ ರೈಲಿನ ಸಿಳ್ಳು ಕೇಳಿಸಿತು. ಇಷ್ಟು ವರ್ಷ ಆ ಸಿಳ್ಳಿಗೆ ಎದ್ದು ನಿಲ್ಲುತ್ತಿದ್ದವಳು ಇವತ್ತು ತಿರುಗಿಯೂ ನೋಡಲಿಲ್ಲ. ಮಗ ಬರುತ್ತಿದ್ದ ದಾರಿಯನ್ನೇ ನೋಡುತ್ತಿದ್ದಳು.

ಶಿವಯ್ಯ ಕಾರಿಗೆ ಒರಗಿ ನಿಂತಿದ್ದ. ಕುರಿ ಸಾಕಿ ಗಟ್ಟಿಯಾದ ಮೈ, ಹೆಗಲ ಮೇಲೆ ಬಿಳೀ ವಸ್ತ್ರ. ಕೈಯಲ್ಲಿ ಎಣ್ಣೆ ಜಿನುಗುತ್ತಿದ್ದ ಒಂದು ಪೇಪರಿನ ಪೊಟ್ಟಣ. ಅವನು ಅಶ್ಫಾಕನಿಗೆ ನಮಸ್ಕಾರ ಹೇಳಲಿಲ್ಲ. ಹುಡುಗನ ಕಡೆ ಪೊಟ್ಟಣ ಚಾಚಿ, ಮೊದಲ ಸಲ ಅವನ ಹೆಸರು ಹಿಡಿದು ಕರೆದ.

"ಚಲುವರಾಜೂ, ಬಾರ್ಲಾ ಇತ್ಲಾಗೆ. ವಡೆ ಕೊಡುಸಿವ್ನಿ."

ದನಿಯಲ್ಲಿ ಅಕ್ಕರೆ ಇತ್ತು. ಕಣ್ಣಿನಲ್ಲಿ ಇರಲಿಲ್ಲ. ಅವನು ಹುಡುಗನ ಮುಖವನ್ನೇ ನೋಡುತ್ತಿದ್ದ. ಇದು ಪರೀಕ್ಷೆ ಎಂದು ಅಶ್ಫಾಕನಿಗೆ ಹೊಳೆಯಿತು. ಹುಡುಗನ ಮಣಿಕಟ್ಟು ಹಿಡಿದು ಬಲವಾಗಿ ಒತ್ತಿದ.

ಒತ್ತಿದ್ದು ಪ್ರಯೋಜನಕ್ಕೆ ಬರಲಿಲ್ಲ. ಸಂತೋಷ್ ಆಗಲೇ ಒಂದು ಹೆಜ್ಜೆ ಮುಂದೆ ಇಟ್ಟಿದ್ದ. ಬಾಯಿ ತೆರೆದಾಗ ಬಂದದ್ದು ಆಟೋ ಓಡಿಸುವವನ ಮಾತಾಗಿರಲಿಲ್ಲ. ನಾಲ್ಕು ವರ್ಷದ ಮಗುವಿನ ದೂರಿನಂತಿತ್ತು.

"ಆವತ್ತು ಕೊಡಿಸಲಿಲ್ಲ ನೀವು."

ಶಿವಯ್ಯನ ಚಾಚಿದ ಕೈ ಹಾಗೇ ನಿಂತಿತು.

ಕಾರಿನೊಳಗಿಂದ ಚಿಕ್ಕಬೋರಮ್ಮ ಕಿಟಕಿಗೆ ತಲೆ ತಂದಳು. ಮಗನ ಮುಖ ನೋಡಿದಳು, ಮೈದುನನ ಮುಖ ನೋಡಿದಳು. ಮತ್ತೆ ಮಗನ ಮುಖ ನೋಡಿದಳು. ಅವಳು ಕೇಳಿದ್ದು ಬಹಳ ಮೆಲ್ಲಗೆ.

"ಯಾವತ್ತು ಸಿವಯ್ಯ? ನೀನು ಆವತ್ತು ಕುರಿ ಅಟ್ಟೀಲಿದ್ದೆ ಅಂದಿದ್ದೆಯಲ್ಲಪ್ಪ?"

ಶಿವಯ್ಯ ಪೊಟ್ಟಣವನ್ನು ರಸ್ತೆಗೆ ಬಿಸಾಕಿ, ಕಾರಿನ ಮುಂದಿನಿಂದ ಬಳಸಿ ಹೋಗಿ ಸ್ಟೇರಿಂಗಿನ ಹಿಂದೆ ಕೂತ. ಬಾಗಿಲುಗಳ ಲಾಕು ಬಿದ್ದ ಸದ್ದು ಕೇಳಿಸಿತು. ಅಶ್ಫಾಕ್ ಹಿಂಬಾಗಿಲ ಹಿಡಿ ಹಿಡಿದ, ಅದು ಕೈಯಿಂದ ಕಿತ್ತುಕೊಂಡು ಹೋಯಿತು.

ಈ ಸಲ ಓಡಿದವನು ಮಗ. ಹೊಸ ಅಂಗಿಯ ಹುಡುಗ "ಅವ್ವಾ, ಅವ್ವಾ" ಎಂದು ಕೂಗುತ್ತ ಕಾರಿನ ಹಿಂದೆ ಬಿದ್ದ. ಯಾರ ಅವ್ವ ಎಂದು ಬೀದಿಯವರಿಗೆ ತಿಳಿಯಲಿಲ್ಲ. ಬೈಕಿನವರು ಬ್ರೇಕು ಹಾಕಿ ನಿಂತು ನೋಡಿದರು.

ಕಾರು ಮಳವಳ್ಳಿ ರಸ್ತೆಗೆ ತಿರುಗುವಾಗ ಹಿಂದಿನ ಕಿಟಕಿಯಿಂದ ಒಂದು ಕೈ ಹೊರಬಂತು, ಹಿಟ್ಟಿನ ಬಿಳುಪು ಇನ್ನೂ ಉಗುರಿನಲ್ಲಿದ್ದ ಕೈ. ಅದರ ಹಿಂದೆಯೇ ಚಿಕ್ಕಬೋರಮ್ಮನ ದನಿ ಬಂತು. ಮಾವನಿಗೂ ದೇವರಿಗೂ ಹೆದರಿ ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಇಡೀ ಮದ್ದೂರಿಗೆ ಕೇಳುವಂತೆ ಅವಳು ಕೂಗಿದಳು.

"ಚಲುವರಾಜೂ..."